ಕಲ್ಲಿನ ಮೇಲಿನ ಹೆಸರು ಅಳಿಯದಂತೆ: ಕರಾವಳಿಯ ಯುದ್ಧ ಸ್ಮಾರಕವನ್ನು ನೋಡಿಕೊಳ್ಳುವ ಕ್ರಮ

ಕಾರ್ಗಿಲ್ ವಿಜಯ ದಿವಸ ಬರುವುದು ಜುಲೈ 26ಕ್ಕೆ. ತುಳುನಾಡಿನ ಲೆಕ್ಕದಲ್ಲಿ ಅದು ಆಟಿ ತಿಂಗಳು, ಮಳೆ ಬಿಡುವು ಕೊಡದ ಹೊತ್ತು. ಜೂನ್ ಮೊದಲ ವಾರದಿಂದ ನೆನೆದ ಕಲ್ಲು ಅಷ್ಟರಲ್ಲಿ ಕಪ್ಪಾಗಿ ಹಾವಸೆ ಕಟ್ಟಿರುತ್ತದೆ. ಕಾರ್ಯಕ್ರಮಕ್ಕೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಗಡಿಬಿಡಿ ಶುರು: ಬ್ಲೀಚಿಂಗ್ ಪೌಡರ್, ತಂತಿ ಬ್ರಷ್ಷು, ಪ್ರೆಶರ್ ಪಂಪು, ಕೊನೆಗೆ ಕಟ್ಟೆಗೆ ಒಂದು ಕೈ ಆಯಿಲ್ ಪೇಂಟು. ಆ ದಿನಕ್ಕೆ ಸ್ಮಾರಕ ಹೊಸದರಂತೆ ಕಾಣುತ್ತದೆ. ಇದೇ ಕ್ರಮ ಹತ್ತು ಹದಿನೈದು ವರ್ಷ ನಡೆದರೆ ಅಕ್ಷರದ ಅಂಚು ಸವೆದು, ಪೇಂಟಿನ ಪದರದಡಿ ಮುರಕಲ್ಲು (ಜಂಬಿಟ್ಟಿಗೆ) ಪುಡಿಯಾಗಿ, ಯಾರ ಹೆಸರಿಗಾಗಿ ಅದನ್ನು ಕಟ್ಟಿದ್ದರೋ ಆ ಹೆಸರೇ ಓದಲು ಸಿಗುವುದಿಲ್ಲ.

ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕವಿರಲಿ, ಉಡುಪಿ ಅಜ್ಜರಕಾಡಿನ ಹುತಾತ್ಮ ಸ್ಮಾರಕವಿರಲಿ, ಶಾಲೆಯ ಅಂಗಳದಲ್ಲೋ ಪಂಚಾಯತ್ ಕಟ್ಟಡದ ಎದುರೋ ಒಬ್ಬನೇ ಯೋಧನ ಹೆಸರು ಹೊತ್ತು ನಿಂತ ಸಣ್ಣ ಕಲ್ಲಿರಲಿ, ಈ ಕ್ರಮ ಎಲ್ಲದಕ್ಕೂ ಹೊಂದುತ್ತದೆ. ಮುಖ್ಯ ಮಾತು ಒಂದೇ: ಜುಲೈಯಲ್ಲಿ ಮಾಡುವ ಕೆಲಸವನ್ನು ಡಿಸೆಂಬರಿಗೆ ಸರಿಸಿ. 1971ರ ಯುದ್ಧದ ಗೆಲುವನ್ನು ನೆನೆಯುವ ಡಿಸೆಂಬರ್ 16ರ ವಿಜಯ ದಿವಸ ಮುಗಿದ ಮರುದಿನದಿಂದ ಫೆಬ್ರವರಿ ಕೊನೆಯವರೆಗೆ ನಮ್ಮಲ್ಲಿ ಕಲ್ಲು ಒಣಗಿರುತ್ತದೆ, ಗಾರೆ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಜುಲೈಯಲ್ಲಿ ಉಳಿಯಬೇಕಾದ ಕೆಲಸ ಎರಡು: ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹೂವಿಡುವುದು.

ನಾವು ಕಾಯುತ್ತಿರುವುದು ಏನನ್ನು?

ಬ್ರಷ್ಷು ಹಿಡಿಯುವ ಮೊದಲು ಇದು ಸ್ಪಷ್ಟವಿರಬೇಕು. ಇಲ್ಲದಿದ್ದರೆ ‘ಅಂದ ಮಾಡುವ’ ಆಸೆ ಗೆದ್ದು, ಹಳೆಯದನ್ನು ಕಿತ್ತು ಹೊಸ ಗ್ರಾನೈಟ್ ಹೊದಿಸುವ ಮಾತು ಬರುತ್ತದೆ.

ಕಾದಿ ಸತ್ತವರನ್ನು ಕಲ್ಲಿನಲ್ಲಿ ನೆನೆಯುವುದು ಈ ಕರಾವಳಿಗೆ ಬ್ರಿಟಿಷರು ತಂದ ಪದ್ಧತಿಯಲ್ಲ. ಉದ್ಯಾವರದಲ್ಲಿ ಸಿಕ್ಕ, ತುಳುನಾಡನ್ನು ಆಳಿದ ಆಳುಪರ ಕಾಲದ, ಸುಮಾರು 8ನೇ ಶತಮಾನದ ಶಾಸನಗಳು ಉದಯಪುರದ (ಅಂದರೆ ಉದ್ಯಾವರದ) ಕಾಳಗದಲ್ಲಿ ಮಡಿದ ವೀರರನ್ನು ಹೆಸರಿಟ್ಟು ನೆನೆಯುತ್ತವೆ. ಬಾರಕೂರಿನಲ್ಲಿ ವೀರಗಲ್ಲುಗಳು ಇಂದಿಗೂ ನಿಂತಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ಹೀಗೆ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇನ್ನೊಂದು ದಾರಿ ಗರಡಿಯದು, ಅಂದರೆ ವೀರರನ್ನು ಆರಾಧಿಸುವ ಗುಡಿಯದು. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರು ಕಾದಿ ಮಡಿದವರು. ಅವರನ್ನು ಗರಡಿಗಳಲ್ಲಿ ಇಂದಿಗೂ ನಂಬುತ್ತೇವೆ. 1837ರಲ್ಲಿ ಬ್ರಿಟಿಷರ ವಿರುದ್ಧ ಸುಳ್ಯದ ಕಡೆಯಿಂದ ಹೊರಟ ರೈತಪಡೆ ಮಂಗಳೂರನ್ನು ಹಿಡಿದು ಬಾವುಟ ಹಾರಿಸಿದ ಗುಡ್ಡ ‘ಬಾವುಟಗುಡ್ಡ’ ಎಂದೇ ಉಳಿಯಿತು. ಅಲ್ಲಿ ಆ ಪಡೆಯ ನಾಯಕ ಕೆದಂಬಾಡಿ ರಾಮಯ್ಯಗೌಡರ ಕಂಚಿನ ಪ್ರತಿಮೆ ನಿಂತದ್ದು 2022ರಲ್ಲಿ. ಆ ನಡುವಿನ 185 ವರ್ಷ ನೆನಪನ್ನು ಹೊತ್ತದ್ದು ಜಾಗದ ಹೆಸರೊಂದೇ. ಹೆಸರುಗಳ ಪಟ್ಟಿ ಹೊತ್ತ ಇಂದಿನ ಯುದ್ಧ ಸ್ಮಾರಕ ಈ ಸಾಲಿಗೆ ಸೇರಿದ್ದು.

ಅದಕ್ಕೇ ಕಾಯುವುದರಲ್ಲಿ ಒಂದು ಮೇಲು ಕೆಳಗು ಇರಲಿ. ಮೊದಲು ಹೆಸರು, ಅಂದರೆ ಅಕ್ಷರ ಮತ್ತು ಅದನ್ನು ಕೊರೆದ ಮೂಲ ಕಲ್ಲು. ಆಮೇಲೆ ಜಾಗ. ನಂತರ ವಿನ್ಯಾಸ. ಕೊನೆಗೆ ಹೊಳಪು. ಯಾವ ಕೆಲಸದಲ್ಲೂ ಸಂಶಯ ಬಂದಾಗ ಹೊಳಪನ್ನು ಬಿಟ್ಟುಕೊಡಿ, ಹೆಸರನ್ನು ಬಿಡಬೇಡಿ.

ಕಾನೂನಿನ ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ 1958ರದ್ದು, ಅದರ ವ್ಯಾಪ್ತಿಗೆ ಬರಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಸ್ವಾತಂತ್ರ್ಯಾನಂತರದ ನಮ್ಮ ಸ್ಮಾರಕಗಳಿಗೆ ಆ ರಕ್ಷಣೆ ಇಲ್ಲ. ಜಾಗದ ಒಡೆತನ ಮಹಾನಗರ ಪಾಲಿಕೆಯದೋ ನಗರಸಭೆಯದೋ ಪಂಚಾಯತಿನದೋ ಆಗಿರುತ್ತದೆ. ಕೆಲಸಕ್ಕೆ ಮೊದಲು ಅವರ ಲಿಖಿತ ಒಪ್ಪಿಗೆ ಪಡೆಯಿರಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಪ್ರತಿ ಕೊಡಿ. ವೀರಗಲ್ಲಿನ ವಿಷಯ ಬೇರೆ. ತೋಟದ ಮೂಲೆಯಲ್ಲಿ ಬಿದ್ದಿದೆ ಎಂದು ಅದನ್ನು ತಂದು ಹೊಸ ಸ್ಮಾರಕದ ಪಕ್ಕ ನಿಲ್ಲಿಸುವಂತಿಲ್ಲ. ಇದ್ದಲ್ಲೇ ಬಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

ತೊಳೆಯುವ ಮೊದಲು ದಾಖಲೆ

ಇದಕ್ಕೆ ಒಂದು ದಿನ ಸಾಕು. ಆದರೂ ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ.

ಮೊದಲು ದೂರದಿಂದ ನಾಲ್ಕು ಮೈ, ನಾಲ್ಕು ಮೂಲೆ, ಒಟ್ಟು ಎಂಟು ಚಿತ್ರ. ಆಮೇಲೆ ಪ್ರತಿ ಫಲಕವನ್ನೂ ನೇರ ಎದುರು ನಿಂತು ತೆಗೆಯಿರಿ, ಪಕ್ಕದಲ್ಲಿ ಅಳತೆ ಪಟ್ಟಿ ಕಾಣುವಂತಿರಲಿ. ಸವೆದ ಅಕ್ಷರ ನಡು ಮಧ್ಯಾಹ್ನದ ಬೆಳಕಿನಲ್ಲಿ ಕಾಣುವುದೇ ಇಲ್ಲ. ಬೆಳಗಿನ ಓರೆಬಿಸಿಲಿನಲ್ಲಿ ನೋಡಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಹೆಚ್ಚುಕಡಿಮೆ ತಾಗಿಕೊಂಡಂತೆ ಹಿಡಿಯಿರಿ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿಂದ ಬೆಳಕು ಬಿಟ್ಟು ಮೂರು ಚಿತ್ರ ತೆಗೆಯಿರಿ. ಎಡದ ಬೆಳಕಿನಲ್ಲಿ ಅಡಗಿದ ಒತ್ತಕ್ಷರ ಮೇಲಿನ ಬೆಳಕಿನಲ್ಲಿ ಎದ್ದು ಬರುತ್ತದೆ.

ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಹಿಟ್ಟು ತಿಕ್ಕುವುದು, ಎಣ್ಣೆ ಹಚ್ಚುವುದು ಬೇಡ. ಸುಣ್ಣದ ಪುಡಿ ತರಿಯಂತೆ ಉಜ್ಜುತ್ತದೆ, ಹಿಟ್ಟು ಬೂಷ್ಟಿಗೆ ಊಟ, ಎಣ್ಣೆ ಕಲ್ಲಿನೊಳಗೆ ಇಳಿದು ಕಪ್ಪು ಕಲೆಯಾಗಿ ನಿಲ್ಲುತ್ತದೆ. ಒದ್ದೆ ಕಾಗದ, ಶಾಯಿಯಲ್ಲಿ ತೆಗೆಯುವ ಶಾಸನದ ಪಡಿಯಚ್ಚು ಒಳ್ಳೆಯ ವಿಧಾನವೇ, ಆದರೆ ಅದು ತರಬೇತಾದ ಕೈಯ ಕೆಲಸ. ಬಣ್ಣ ತುಂಬಿದ ಅಕ್ಷರದ ಮೇಲಂತೂ ಬೇಡವೇ ಬೇಡ.

ಚಿತ್ರದ ಜೊತೆಗೆ ಒಂದು ನೋಟ್‌ಪುಸ್ತಕ ಬೇಕು. ಕಲ್ಲಿನಲ್ಲಿ ಇರುವುದನ್ನು ಇರುವ ಹಾಗೇ, ತಪ್ಪಿದ್ದರೆ ತಪ್ಪಿನೊಂದಿಗೇ, ಸಾಲು ಸಾಲಾಗಿ ಬರೆದುಕೊಳ್ಳಿ. ಒಬ್ಬರು ಓದಿ ಒಬ್ಬರು ಬರೆಯಿರಿ, ಆಮೇಲೆ ಅದಲು ಬದಲಾಗಿ ಇನ್ನೊಮ್ಮೆ.

ಹೆಸರು ತಾಳೆ ನೋಡುವಾಗ

ಕಲ್ಲಿನ ಪಟ್ಟಿಯನ್ನು ದಾಖಲೆಯೊಂದಿಗೆ ಹೋಲಿಸುವಾಗ ಈ ಕರಾವಳಿಗೇ ವಿಶೇಷವಾದ ಕೆಲವು ತೊಡಕುಗಳಿವೆ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಮೊದಲು ಮಡಿದ ಕಾರ್ಕಳ, ಕುಂದಾಪುರದ ಯೋಧ ‘ದಕ್ಷಿಣ ಕನ್ನಡ’ದ ಪಟ್ಟಿಯಲ್ಲಿರುತ್ತಾನೆ. 1956ಕ್ಕಿಂತ ಮೊದಲಿನವರದು ಮದ್ರಾಸ್ ಪ್ರಾಂತ್ಯ, ‘ಸೌತ್ ಕೆನರಾ’ ಜಿಲ್ಲೆ; ಆಗ ಕಾಸರಗೋಡೂ ಅದರಲ್ಲೇ ಇತ್ತು. ಇಂಗ್ಲಿಷ್ ದಾಖಲೆಯಲ್ಲಿ ಕೆನರಾ ಒಮ್ಮೆ ‘ಸಿ’ಯಿಂದ, ಒಮ್ಮೆ ‘ಕೆ’ಯಿಂದ ಶುರುವಾಗುತ್ತದೆ. ಉಡುಪಿ ‘ಉಡಿಪಿ’ ಆಗಿರುತ್ತದೆ, ಕುಂದಾಪುರ ‘ಕೂಂಡಾಪೂರ್’. ಎಲ್ಲ ಕಾಗುಣಿತದಲ್ಲೂ ಹುಡುಕದೆ ‘ಹೆಸರಿಲ್ಲ’ ಎಂದು ತೀರ್ಮಾನಿಸಬೇಡಿ.

ಎರಡು ಮಹಾಯುದ್ಧಗಳಲ್ಲಿ ಮಡಿದವರ ಹೆಸರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಬಹುದು. ಅದು ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31 ಎಂದು ಅವಧಿ ಹಿಡಿದಿದೆ. ಸಮಾಧಿಯಿಲ್ಲದ, ದಹನವಾದ ಭಾರತೀಯರ ಹೆಸರುಗಳು ಬಸ್ರಾ, ಫ್ರಾನ್ಸಿನ ನವ್ ಶಪೆಲ್, ರಂಗೂನ್, ಸಿಂಗಾಪುರದ ಸ್ಮಾರಕಗಳ ಪಟ್ಟಿಯಲ್ಲಿ ಇರುತ್ತವೆ. 1947ರ ನಂತರದವರಿಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿ ನೋಡಿ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದಾಗ ಅದರ ತ್ಯಾಗಚಕ್ರದ ಗ್ರಾನೈಟ್ ಫಲಕಗಳಲ್ಲಿ 25,942 ಹೆಸರುಗಳಿದ್ದವು.

ಹೆಚ್ಚು ಜನ ಎಡವುವುದು ‘ನಾಯಕ್’ ಎಂಬಲ್ಲಿ. ಸೇನೆಯಲ್ಲಿ ನಾಯಕ್ ಒಂದು ಹುದ್ದೆ, ಸಿಪಾಯಿ ಮತ್ತು ಲ್ಯಾನ್ಸ್ ನಾಯಕ್‌ಗಿಂತ ಮೇಲೆ, ಹವಾಲ್ದಾರ್‌ಗಿಂತ ಕೆಳಗೆ. ನಮ್ಮಲ್ಲಿ ಅದು ಮನೆಮನೆಯ ಅಡ್ಡಹೆಸರು. ಹೆಸರಿನ ಮೊದಲಿಗಿದ್ದರೆ ಹುದ್ದೆ, ಕೊನೆಗಿದ್ದರೆ ಅಡ್ಡಹೆಸರು ಎಂಬ ಲೆಕ್ಕ ಸಾಮಾನ್ಯವಾಗಿ ಸರಿ. ಆದರೆ ಪಟ್ಟಿ ಬೆರಳಚ್ಚಾಗುವಾಗ ಹುದ್ದೆಯ ಅಂಕಣ ಹೆಸರಿನ ಹಿಂದೆ ಬಂದಿದ್ದರೆ ಒಬ್ಬ ಶೆಟ್ಟಿ ಕಲ್ಲಿನಲ್ಲಿ ನಾಯಕ್ ಆಗಿಬಿಡುತ್ತಾನೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಇನ್ನೊಂದು ಸಂಗತಿ: ದಾಖಲೆಯಲ್ಲಿ ತಂದೆಯ ಹೆಸರಿರುತ್ತದೆ, ಊರಿನಲ್ಲಿ ಗುರುತಿಸುವುದು ತಾಯಿಯ ಕಡೆಯ ಕುಟುಂಬದ ಮನೆಯಿಂದ. ಹೀಗಾಗಿ ಒಬ್ಬನೇ ಯೋಧ ಎರಡು ಊರಿನವನಂತೆ ಕಾಣಬಹುದು. ಸೇವಾಸಂಖ್ಯೆಯೊಂದೇ ಇಲ್ಲಿ ನೆಚ್ಚುವ ಗುರುತು. ಮನೆಯವರನ್ನು ಕಂಡು, ಅವರು ಹೇಳಿದ ಕಾಗುಣಿತವನ್ನೇ ಹಿಡಿಯಿರಿ.

ತಪ್ಪು ಸಿಕ್ಕಿತೆಂದು ಕಲ್ಲನ್ನು ಕೊರೆದು ತಿದ್ದಲು ಹೋಗಬೇಡಿ, ಸುತ್ತ ಗುಂಡಿ ಬೀಳುತ್ತದೆ. ಕೆಳಗೆ ಸಣ್ಣ ಪೂರಕ ಫಲಕವಿಟ್ಟು ಸರಿಯಾದ ರೂಪವನ್ನು ಅದರಲ್ಲಿ ಕೊಡಿ. ಹೊಸ ಹೆಸರು ಸೇರಿಸುವುದಿದ್ದರೂ ಅದೇ ಕ್ರಮ. ಕಲ್ಲು ಕಾರ್ಕಳದ ಕಡೆಯಿಂದ ತರಿಸುವುದಾದರೆ ಹಳೆಯ ಕಲ್ಲಿನ ಪಕ್ಕ ಮಾದರಿ ತುಂಡನ್ನು ಒಣಗಿದ್ದಾಗಲೂ ಒದ್ದೆಯಾಗಿದ್ದಾಗಲೂ ಇಟ್ಟು ನೋಡಿ. ಒಣಗಿದಾಗ ಒಂದೇ ಕಾಣುವ ಎರಡು ಕಲ್ಲು ಮಳೆಯಲ್ಲಿ ಬೇರೆಬೇರೆ ಕಪ್ಪಾಗುತ್ತವೆ. ಅಕ್ಷರ ಕನಿಷ್ಠ 25 ಮಿ.ಮೀ. ಎತ್ತರ, 3ರಿಂದ 5 ಮಿ.ಮೀ. ಆಳ, ಒಳಕ್ಕೆ ಚೂಪಾಗುವ ಕೊರೆತ ಇರಲಿ. ಯಂತ್ರದಲ್ಲಿ ಮೇಲ್ಮೈಯನ್ನಷ್ಟೇ ಉಜ್ಜಿ ಬಣ್ಣ ತುಂಬಿದ ಅಕ್ಷರ ಬಣ್ಣ ಹೋದ ದಿನವೇ ಮುಗಿಯಿತು. ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯುವುದರಿಂದ ಒಂದು ಸಾಲಿನಿಂದ ಇನ್ನೊಂದಕ್ಕೆ ಅಕ್ಷರದ ಎತ್ತರದ ಎರಡು ಪಟ್ಟಾದರೂ ಬೇಕು. ಇಂಗ್ಲಿಷ್ ಫಲಕದ ಅಳತೆಯನ್ನೇ ಕೊಟ್ಟರೆ ಮೇಲಿನ ಸಾಲಿನ ‘ಟ್ಟ’ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ತೊಳೆಯುವುದು

ಬೇಕಾದ ಸಾಮಾನು: ಮೆದು ನೈಲಾನ್ ಬ್ರಷ್ಷು, ತೆಂಗಿನ ನಾರಿನ ಬ್ರಷ್ಷು, ಹಳೆಯ ಹಲ್ಲುಜ್ಜುವ ಬ್ರಷ್ಷು, ತುದಿ ಚಪ್ಪಟೆ ಮಾಡಿದ ಬಿದಿರ ಕಡ್ಡಿ, ನಾಲ್ಕು ಬಕೆಟು, ಕೈಯಲ್ಲಿ ಒತ್ತುವ ಸ್ಪ್ರೇ ಪಂಪು, ಹತ್ತಿ ಬಟ್ಟೆ, ಕೈಗವಸು, ಕಣ್ಣಿಗೆ ಕನ್ನಡಕ. ಒಂದು ಚದರ ಮೀಟರ್ ಮೈಗೆ 10ರಿಂದ 15 ಲೀಟರ್ ನೀರು ಬೇಕಾಗುತ್ತದೆ. ನೀರು ನಳ್ಳಿಯದ್ದಿರಲಿ, ಮಂಗಳೂರಿಗೆ ಅದು ತುಂಬೆಯಿಂದ, ಉಡುಪಿಗೆ ಬಜೆಯಿಂದ ಬರುವ ಹೊಳೆನೀರು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವೋ ಉಪ್ಪೋ ಇದ್ದರೆ ಅದು ಕಲ್ಲಿನ ಮೇಲೆ ಕೆಂಪು ಗೆರೆ, ಬಿಳಿ ಹುಡಿ ಬಿಟ್ಟು ಹೋಗುತ್ತದೆ.

ಹಿಂದಿನ ಮೈಯ ಕೆಳಮೂಲೆಯಲ್ಲಿ 15 ಸೆಂ.ಮೀ. ಚೌಕ ಗುರುತಿಸಿ ಮೊದಲು ಅಲ್ಲಿ ಮಾಡಿ ನೋಡಿ. ಒದ್ದೆ ಕಲ್ಲು ಎಲ್ಲವೂ ಚೆಂದ ಕಾಣುತ್ತದೆ, ಹಾಗಾಗಿ ಮರುದಿನ ಒಣಗಿದ ಮೇಲೆ ತೀರ್ಮಾನ ಮಾಡಿ. ಮೇಲ್ಮೈ ಹುಡಿಯಾಗಿ ಕೈಗೆ ಬರುತ್ತಿದ್ದರೆ, ಬಡಿದಾಗ ಪೊಳ್ಳು ಸದ್ದು ಬಂದರೆ, ಪದರ ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಮುಂದಿನದು ಸಂರಕ್ಷಣಾ ತಜ್ಞರ ಕೆಲಸ. ಮಂಗಳೂರಿನಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಘಟಕವಿದೆ, ಯಾರನ್ನು ಕೇಳಬೇಕೆಂದು ಅಲ್ಲಿ ವಿಚಾರಿಸಬಹುದು.

ಎಲ್ಲ ಸರಿಯಿದ್ದರೆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೆನೆಸಿ. ಮೇಲಿಂದ ಶುರು ಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಹರಿದು ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದು ಕಷ್ಟ. ದಪ್ಪ ಹಾವಸೆಯನ್ನು ಬಿದಿರ ಕಡ್ಡಿಯಲ್ಲಿ ಎಬ್ಬಿಸಿ, ಬ್ರಷ್ಷನ್ನು ವೃತ್ತಾಕಾರದಲ್ಲಿ ಮೆಲ್ಲಗೆ ಆಡಿಸಿ, ಪ್ರತಿ ಎರಡಡಿಗೆ ಒಮ್ಮೆ ನೀರು ಬಿಡಿ. ಬರೀ ನೀರಿಗೇ ಮುಕ್ಕಾಲು ಪಾಲು ಕೊಳೆ ಹೋಗುತ್ತದೆ. ಜಿಡ್ಡು ಉಳಿದರೆ 10 ಲೀಟರ್ ನೀರಿಗೆ 30 ಮಿ.ಲೀ.ನಷ್ಟು ಅಯಾನಿಕವಲ್ಲದ ತಟಸ್ಥ ಡಿಟರ್ಜೆಂಟ್ ಸಾಕು. ಆಮೇಲೆ ನೊರೆ ಒಂದಿಷ್ಟೂ ಉಳಿಯದಂತೆ ಮೂರು ಸಲ ತೊಳೆಯಿರಿ.

ಹಾವಸೆಯ ಬೇರು ಕಲ್ಲಿನ ಸೂಕ್ಷ್ಮ ರಂಧ್ರದಲ್ಲಿ ಉಳಿದಿರುತ್ತದೆ, ಜೂನ್ ಬಂದೊಡನೆ ಚಿಗುರುತ್ತದೆ. ಅದಕ್ಕೆ ಬೆಂಜಾಲ್ಕೋನಿಯಮ್ ಕ್ಲೋರೈಡ್ ಎಂಬ ದ್ರಾವಣ. ಅಂಗಡಿಯಲ್ಲಿ ಸಿಗುವುದು ಶೇ 50ರ ತೀವ್ರತೆಯದ್ದಾದರೆ 960 ಮಿ.ಲೀ. ನೀರಿಗೆ 40 ಮಿ.ಲೀ. ಬೆರೆಸಿ, ಆಗ ಶೇ 2 ಆಗುತ್ತದೆ. ತೊಳೆದ ಕಲ್ಲು ಎರಡು ದಿನ ಒಣಗಿದ ಮೇಲೆ, ಮಳೆಯಿಲ್ಲದ ಸಂಜೆ, ಸ್ಪ್ರೇ ಮಾಡಿ ಹಾಗೇ ಬಿಡಿ. ಒಂದು ವಾರದಲ್ಲಿ ಹಸಿರು ಕಂದಾಗುತ್ತದೆ, ಆಗ ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಬೂದಿಬಣ್ಣದ ಕಲ್ಲುಹೂವಿಗೆ ತಿಂಗಳುಗಳೇ ಬೇಕು. ಕೆರೆದರೆ ಕಲ್ಲಿನ ಹಳಕೂ ಅದರ ಜೊತೆ ಬರುತ್ತದೆ, ಆದ್ದರಿಂದ ತಾನಾಗಿ ಬಿಡುವವರೆಗೆ ಕಾಯಿರಿ. ಸಾಬೂನಿನ ಅಂಶ ಉಳಿದಿದ್ದರೆ ಈ ಮದ್ದು ಕೆಲಸ ಮಾಡುವುದಿಲ್ಲ. ಮೂರು ಸಲ ತೊಳೆಯಿರಿ ಎಂದದ್ದು ಅದಕ್ಕೇ. ಮೀನಿಗೆ ಇದು ವಿಷ, ಪಕ್ಕದಲ್ಲಿ ಕೆರೆ, ಬಾವಿ, ತೋಡು ಇದ್ದರೆ ನೀರು ಅತ್ತ ಹರಿಯಬಾರದು. ಮರದ ನೆರಳು ಬೀಳುವ ಮೈಗೆ ಮೇ ಮೊದಲ ವಾರ ಇನ್ನೊಂದು ಸಲ ಸ್ಪ್ರೇ ಮಾಡಿದರೆ ಜುಲೈ 26ರಂದು ಕಲ್ಲು ಹಸಿರಾಗಿರುವುದಿಲ್ಲ.

ಬೇಡವೆಂದದ್ದು ಏಕೆ ಬೇಡ ಎಂದೂ ಹೇಳಬೇಕು, ಏಕೆಂದರೆ ಇವೆಲ್ಲ ಮೊದಲ ದಿನ ಒಳ್ಳೆಯ ಫಲಿತಾಂಶವನ್ನೇ ಕೊಡುತ್ತವೆ. ಬ್ಲೀಚಿಂಗ್ ಪೌಡರ್ ಕಲ್ಲಿನೊಳಗೆ ಉಪ್ಪು ಬಿಡುತ್ತದೆ. ಕಡಲ ಗಾಳಿಯ ಉಪ್ಪಿಗೆ ಅದೂ ಸೇರಿ, ಒಣಗಿದಾಗ ಹರಳುಗಟ್ಟಿ ಮೇಲ್ಮೈಯನ್ನು ಒಳಗಿನಿಂದ ಒಡೆಯುತ್ತದೆ. ಟಾಯ್ಲೆಟ್ ಕ್ಲೀನರಿನ ಆಮ್ಲ ಅಮೃತಶಿಲೆಯನ್ನು ಕರಗಿಸುತ್ತದೆ, ಗ್ರಾನೈಟಿನ ಕಪ್ಪು ಅಭ್ರಕದಿಂದ ಕಬ್ಬಿಣ ಬಿಡಿಸಿ ಹಳದಿ ಕಲೆ ಹುಟ್ಟಿಸುತ್ತದೆ. ತಂತಿ ಬ್ರಷ್ಷಿನ ಕಣ್ಣಿಗೆ ಕಾಣದ ಉಕ್ಕಿನ ಚೂರು ಮೊದಲ ಮಳೆಗೇ ತುಕ್ಕಾಗುತ್ತದೆ. ಪ್ರೆಶರ್ ಪಂಪು ಸಂದಿನ ಗಾರೆಯನ್ನು ಹಾರಿಸಿ ನೀರನ್ನು ಒಳಕ್ಕೆ ನುಗ್ಗಿಸುತ್ತದೆ.

ಅಕ್ಷರಕ್ಕೆ ಬಣ್ಣ

ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು ಇದು, ಅತಿ ಅವಸರದಲ್ಲಿ ನಡೆಯುವುದೂ ಇದೇ. ಬೋರ್ಡ್ ಬರೆಯುವ ಕಲಾವಿದರು ಅಕ್ಷರವನ್ನು ತಮ್ಮ ಕೈಗೆ ಬಂದ ಶೈಲಿಯಲ್ಲಿ ಬರೆಯುವವರು. ಇಲ್ಲಿ ಬರೆಯುವುದಿಲ್ಲ, ಇರುವ ಕೊರೆತವನ್ನು ತುಂಬುವುದು ಮಾತ್ರ ಎಂದು ಮೊದಲೇ ಹೇಳಬೇಕು.

ಸವೆದ ಕೊರೆತದಲ್ಲಿ ಮೊದಲು ಕಳೆಯುವುದು ಅಕ್ಷರದ ಮೈಯಲ್ಲ, ಅದರ ಸಣ್ಣ ಅಂಗಗಳು. ‘ಧ’, ‘ಭ’ಗಳ ಬುಡದ ಸೀಳು ಹೋದರೆ ಸುಧಾಕರ ‘ಸುದಾಕರ’ನಾಗುತ್ತಾನೆ, ಭಾಸ್ಕರ ‘ಬಾಸ್ಕರ’ನಾಗುತ್ತಾನೆ. ಕೊಂಬಿನ ದೀರ್ಘ ಹೋದರೆ ಪೂಜಾರಿ ‘ಪುಜಾರಿ’. ‘ಷ’ದ ಹೊಟ್ಟೆಯ ಗೆರೆ ಕಾಣದೆ ‘ಪ’ ಆಗುತ್ತದೆ. ಸೊನ್ನೆಯೊಳಗೆ ಹಾವಸೆ ಕೂತು ಅದೊಂದು ಚುಕ್ಕೆಯಾಗುತ್ತದೆ. ಒಂದು ವರ್ಷದ ತಪ್ಪನ್ನು ಮುಂದಿನ ವರ್ಷದವರು ಮೂಲವೆಂದು ನಂಬುತ್ತಾರೆ. ಅದಕ್ಕೆ, ಬಣ್ಣ ಹಚ್ಚುವವರ ಪಕ್ಕದಲ್ಲಿ ಓರೆಬೆಳಕಿನ ಚಿತ್ರದ ದೊಡ್ಡ ಪ್ರತಿಯನ್ನೂ ಹೆಸರಿನ ಪುಸ್ತಕವನ್ನೂ ಹಿಡಿದು ಒಬ್ಬರು ಕೂತಿರಲೇಬೇಕು.

ಕಲ್ಲು ಮೂರು ದಿನ ಬಿಸಿಲು ಕಂಡಿರಲಿ. ಎದ್ದ ಹಳೆ ಬಣ್ಣವನ್ನು ಬಿದಿರ ಕಡ್ಡಿಯಲ್ಲಿ ತೆಗೆಯಿರಿ. ಮೊಳೆ, ಬ್ಲೇಡು ಬೇಡ. ಗಟ್ಟಿಯಾಗಿ ಕೂತ ಬಣ್ಣ ಅಲ್ಲೇ ಇರಲಿ. ಸೊನ್ನೆ ನಂಬರಿನ ಕುಂಚದಲ್ಲಿ ಎನಾಮೆಲ್ ಪೇಂಟನ್ನು ತೆಳುವಾಗಿ ಎರಡು ಸಲ ತುಂಬಿ. ಮೇಲ್ಮೈ ನುಣುಪು ಗ್ರಾನೈಟ್ ಆಗಿದ್ದರೆ ಹೊರಗೆ ಹರಡಿದ ಬಣ್ಣವನ್ನು ಐದರಿಂದ ಹತ್ತು ನಿಮಿಷದೊಳಗೆ ಒರೆಸಬೇಕು. ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಿದರೆ ಅದು ಕೊರೆತದೊಳಗೆ ಇಳಿದು ತುಂಬಿದ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ಚಪ್ಪಟೆ ಮರದ ತುಂಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಟರ್ಪೆಂಟೈನ್ ಮುಟ್ಟಿಸಿದಷ್ಟೇ ಒದ್ದೆ ಮಾಡಿ, ಒಂದೇ ದಿಕ್ಕಿನಲ್ಲಿ ಎಳೆಯಿರಿ. ಒರಟು ಕಲ್ಲಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಹರಡಿದ್ದು ಹರಡಿದ್ದೇ. ಅಲ್ಲಿ ಬಣ್ಣವನ್ನೇ ಬಿಟ್ಟುಬಿಡುವುದು ಲೇಸು. ಆಳವಾದ ಕೊರೆತಕ್ಕೆ ನೆರಳೇ ಬಣ್ಣ.

ಕಟ್ಟೆ, ಸಂದು, ನೀರು

ಕರಾವಳಿಯಲ್ಲಿ ವರ್ಷಕ್ಕೆ 3,500ರಿಂದ 4,000 ಮಿ.ಮೀ. ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸ್ಮಾರಕದ ಫಲಕ ಗ್ರಾನೈಟ್ ಆದರೂ ಬುಡ ಬಹಳ ಕಡೆ ಮುರಕಲ್ಲಿನದು. ಮುರಕಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಉಸಿರಾಡಿ ಒಣಗುತ್ತದೆ. ಸಿಮೆಂಟ್ ಪ್ಲಾಸ್ಟರು, ಅದರ ಮೇಲೆ ಕೇಸರಿ ಬಿಳಿ ಹಸಿರಿನ ಆಯಿಲ್ ಪೇಂಟು ಬಳಿದರೆ ಒಳಗಿನ ನೀರಿಗೆ ಹೊರಬರುವ ದಾರಿಯಿಲ್ಲ. ಎರಡು ಮೂರು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಪ್ಲಾಸ್ಟರು ಬಿದ್ದ ಜಾಗದಲ್ಲಿ ನೋಡಿದರೆ ಒಳಗಿನ ಕಲ್ಲು ಕೈಯಲ್ಲಿ ಕೆದಕಿದರೆ ಬರುವಂತಾಗಿರುತ್ತದೆ. ದೇಶಭಕ್ತಿಯಿಂದಲೇ ಹಚ್ಚಿದ ಬಣ್ಣ ಅದು, ಆದರೆ ಕಟ್ಟೆಯನ್ನು ತಿನ್ನುತ್ತದೆ. ಬಣ್ಣ ಬೇಕೇ ಬೇಕೆಂದರೆ ಸುಣ್ಣ ಹಚ್ಚಿ.

ಸಂದು ತುಂಬಲು ಸುಣ್ಣದ ಗಾರೆ: ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣವನ್ನು ನೀರಲ್ಲಿ ಅರಳಿಸಿ ಕನಿಷ್ಠ ಮೂರು ವಾರ ನೀರಿನಡಿಯಲ್ಲೇ ಇಟ್ಟಿರಬೇಕು. ಅರಳದ ಹರಳು ಉಳಿದರೆ ಸಂದಿನೊಳಗೆ ಆಮೇಲೆ ಅರಳಿ ಗಾರೆಯನ್ನು ತಳ್ಳುತ್ತದೆ. ಅಳಿವೆಯ ಹತ್ತಿರದ ಮರಳಿನಲ್ಲಿ ಉಪ್ಪಿರುತ್ತದೆ, ಸಿಹಿನೀರಿನಲ್ಲಿ ಮೂರು ಸಲ ತೊಳೆಯದೆ ಬಳಸಬೇಡಿ. ಹಳೆ ಸಂದನ್ನು ಎರಡರಿಂದ ಎರಡೂವರೆ ಸೆಂ.ಮೀ. ಆಳಕ್ಕೆ ಕೆದಕಿ, ನೀರು ಚಿಮುಕಿಸಿ, ಗಾರೆಯನ್ನು ಒಳಕ್ಕೆ ಒತ್ತಿ ತುಂಬಿ, ಒದ್ದೆ ಗೋಣಿಚೀಲದಲ್ಲಿ ಹತ್ತು ದಿನ ಮುಚ್ಚಿಡಿ. ಫೆಬ್ರವರಿಯೊಳಗೆ ಮುಗಿದರೆ ಮಳೆಗೆ ಮೊದಲು ಮೂರು ತಿಂಗಳು ಸಿಗುತ್ತದೆ. ಮೇ ಕೊನೆಯಲ್ಲಿ ತುಂಬಿದ ಸಂದು ಜೂನಿನಲ್ಲಿ ಹಾಲಾಗಿ ಹರಿಯುವುದೇ ಸರಿ.

ಕಟ್ಟೆಯ ಮೇಲಿನ ನೀರು ನಿಲ್ಲಬಾರದು: ಮೀಟರಿಗೆ 2 ಸೆಂ.ಮೀ. ಇಳಿಜಾರು, ಫಲಕದಿಂದ ಹೊರಕ್ಕೆ. ಚರಂಡಿಯ ಎಲೆ, ಮಣ್ಣು ಮೇ ಮೂರನೇ ವಾರದೊಳಗೆ ತೆಗೆದಿರಲಿ. ಸಂದಿನಲ್ಲಿ ಅಶ್ವತ್ಥದ ಸಸಿ ಪೆನ್ಸಿಲ್ ದಪ್ಪದೊಳಗಿದ್ದರೆ ಮಳೆಗೆ ನೆನೆದಾಗ ಬೇರುಸಹಿತ ಬರುತ್ತದೆ. ಅದಕ್ಕಿಂತ ದಪ್ಪವಾದದ್ದನ್ನು ಎಳೆದರೆ ಸಂದೇ ಬಾಯಿ ಬಿಡುತ್ತದೆ; ಬುಡಕ್ಕೆ ಕತ್ತರಿಸಿ, ಚಿಗುರು ಬಂದ ಹಾಗೆ ಮತ್ತೆ ಮತ್ತೆ ಕತ್ತರಿಸಿ ಸೊರಗಿಸಬೇಕು.

ಲೋಹ

ಗ್ರಾನೈಟ್ ಫಲಕವನ್ನು ಗೋಡೆಗೆ ಹಿಡಿದ ಕಬ್ಬಿಣದ ಕೊಕ್ಕೆ ತುಕ್ಕು ಹಿಡಿದರೆ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಮೂಲೆಯಿಂದ ಹೊರಟ ಬಿರುಕು, ಅದರ ಬಾಯಲ್ಲಿ ಕಂದು ಕಲೆ ಕಂಡರೆ ಕಾರಣ ಅದೇ. ಬದಲಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಸುತ್ತಲಿನ ಕಂಬಿಬೇಲಿಗೂ ಅದೇ ಇರಲಿ, 304 ದರ್ಜೆಯದು ಕಡಲ ಗಾಳಿಗೆ ಚಹಾ ಬಣ್ಣದ ಕಲೆ ಬಿಡುತ್ತದೆ.

ಹಿತ್ತಾಳೆ, ಕಂಚಿನ ಫಲಕವನ್ನು ಹುಣಸೆಹುಳಿಯಲ್ಲೋ ಬೆಳಗುವ ಪುಡಿಯಲ್ಲೋ ದೇವರ ದೀಪದಂತೆ ಪ್ರತಿವರ್ಷ ಬೆಳಗುವುದು ಬೇಡ. ಪ್ರತಿ ಸಲ ಒಂದು ಪದರ ಹೋಗುತ್ತದೆ, ಎತ್ತರದ ಅಕ್ಷರ ಮೊದಲು ಸವೆಯುತ್ತದೆ. ಕಂದುಬಣ್ಣ ಅದರ ಚರ್ಮ. ತೊಳೆದು, ಪೂರ್ತಿ ಒಣಗಿಸಿ, ಬಣ್ಣವಿಲ್ಲದ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಹಚ್ಚಿ ಬಟ್ಟೆಯಲ್ಲಿ ಉಜ್ಜಿ, ಜನವರಿಗೊಮ್ಮೆ, ಮೇಗೊಮ್ಮೆ. ಅಂಗಳದಲ್ಲಿ ತೋಪು, ಟ್ಯಾಂಕು ಇದ್ದರೆ ಒಳಗೆ ನೀರು ನಿಲ್ಲುವ ಗುಳಿಗಳನ್ನು ಹುಡುಕುವುದು ಹೊರಗಿನ ಬಣ್ಣಕ್ಕಿಂತ ಮುಖ್ಯ. ಬಣ್ಣ ಹಚ್ಚುವಾಗ ಸತುವಿನ ಪ್ರೈಮರ್, ಎಪಾಕ್ಸಿ, ಮೇಲೆ ಪಾಲಿಯುರೆಥೇನ್, ಈ ಕ್ರಮದಲ್ಲಿ.

ಕಾರ್ಯಕ್ರಮದ ದಿನ

ಶಾಮಿಯಾನದ ಕಂಬಕ್ಕೆ ಕಟ್ಟೆಯಲ್ಲಿ ತೂತು ಕೊರೆಯದೆ ಮರಳಚೀಲದ ಭಾರ ಕೊಡಿ. ಕೆಂಪು ನೆಲಹಾಸು ಮಳೆಗೆ ನೆನೆದರೆ ಬಣ್ಣ ಬಿಟ್ಟು ಕಲ್ಲಿಗೆ ಇಳಿಯುತ್ತದೆ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮುಗಿದ ಕೂಡಲೇ ಎತ್ತಿ. ಪುಷ್ಪಚಕ್ರದ ಕಬ್ಬಿಣದ ಸ್ಟ್ಯಾಂಡಿನ ಕಾಲಿಗೆ ರಬ್ಬರು ಹಾಕಿರಬೇಕು. ಚೆಂಡುಹೂ ಒದ್ದೆಕಲ್ಲಿನ ಮೇಲೆ ಎರಡು ದಿನ ಕೊಳೆತರೆ ಹಳದಿ ಕಲೆ ಖಂಡಿತ, ಅದೇ ಸಂಜೆ ತೆಗೆಯಿರಿ. ಕುಂಕುಮ, ಎಣ್ಣೆಯ ದೀಪ ಫಲಕಕ್ಕೆ ತಾಗದಂತೆ ತಟ್ಟೆಯಲ್ಲಿಡಿ. ಮೇಣದ ಬತ್ತಿ ಸೋರಿದ್ದರೆ ಗಟ್ಟಿಯಾದ ಮೇಲೆ ಬಿದಿರ ಕಡ್ಡಿಯಲ್ಲಿ ಎಬ್ಬಿಸಿ.

ಅನಾವರಣವಿದ್ದರೆ ಫಲಕಕ್ಕೆ ರಾಷ್ಟ್ರಧ್ವಜ ಹೊದಿಸಬಾರದು. ಧ್ವಜಸಂಹಿತೆ ಇದನ್ನು ಸ್ಪಷ್ಟವಾಗಿ ತಡೆಯುತ್ತದೆ; ಧ್ವಜ ಪ್ರತ್ಯೇಕವಾಗಿ ಎದ್ದು ಕಾಣುವಂತೆ ಇರಬೇಕು, ಹೊದಿಕೆಗೆ ಬೇರೆ ಬಟ್ಟೆ ಬಳಸಿ. ನಾಲ್ಕು ಸಿಂಹಗಳ ಲಾಂಛನವನ್ನೂ ಸಂಘ ಸಂಸ್ಥೆಗಳು ತಾವಾಗಿ ಕೊರೆಸುವಂತಿಲ್ಲ, 2005ರ ಕಾಯ್ದೆಯ ನಿರ್ಬಂಧವಿದೆ. ಹೆಸರು ಓದುವ ಪದ್ಧತಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಗಟ್ಟಿಯಾಗಿ ಓದಿದಾಗ ಕಾಗುಣಿತದ ತಪ್ಪು ಅಲ್ಲಿ ಕೂತ ಮನೆಯವರ ಕಿವಿಗೆ ಬಿದ್ದೇ ಬೀಳುತ್ತದೆ.

ಮಹತ್ವದ ಟಿಪ್ಪಣಿ

ರಸ್ತೆ ಅಗಲೀಕರಣವೋ ವೃತ್ತದ ‘ಸೌಂದರ್ಯೀಕರಣ’ವೋ ಬಂದಾಗ ಸ್ಮಾರಕದ ಪರವಾಗಿ ಮಾತಾಡುವುದು ಅದರ ಮಹತ್ವವನ್ನು ನೀವು ಬರೆದಿಡುವ ಒಂದು ಪುಟದ ಟಿಪ್ಪಣಿ. ಕಟ್ಟಿದ ವರ್ಷ, ಕಟ್ಟಿಸಿದವರು, ಕಲ್ಲು ಎಲ್ಲಿಯದು, ಎಷ್ಟು ಹೆಸರು, ಯಾವ ಯಾವ ಯುದ್ಧ, ಮೂಲದಲ್ಲಿ ಏನಿತ್ತು, ಆಮೇಲೆ ಏನು ಸೇರಿತು, ಇವನ್ನು ಆಧಾರವಿದ್ದಷ್ಟೇ ಬರೆಯಿರಿ. ನಂತರ ಜಾಗದ ಮಾತು: ಇದು ಇಲ್ಲೇ ಏಕಿದೆ, ಯಾರು ಯಾವ ದಿನ ಬರುತ್ತಾರೆ, ಯಾವ ಮನೆಗಳಿಗೆ ಬೇರೆ ಸಮಾಧಿಯಿಲ್ಲದೆ ಇದೊಂದೇ ಹೂವಿಡುವ ಜಾಗ. ಕೊನೆಯ ವಿಷಯವನ್ನು ಮರೆಯದೆ ಬರೆಯಿರಿ. ಅಧಿಕಾರಿಗಳ ಎದುರು ಅಳತೆ, ವರ್ಷಗಳಿಗಿಂತ ಹೆಚ್ಚು ನಿಲ್ಲುವುದು ಅದು. ಕೆಳಗೆ ‘ಬದಲಾಯಿಸಬಾರದ್ದು’ ಎಂದು ನಾಲ್ಕು ಸಾಲು: ಹೆಸರಿನ ಫಲಕ, ಅದರ ಮುಖದ ದಿಕ್ಕು, ಎದುರಿನ ತೆರೆದ ಜಾಗ, ಹೆಸರಿನ ಅನುಕ್ರಮ.

ಈ ಪುಟ, ಹೆಸರಿನ ಪುಸ್ತಕ, ಚಿತ್ರಗಳು, ಯಾವ ದಿನ ಯಾವ ಮದ್ದು ಎಷ್ಟು ಬಳಸಿದಿರಿ ಎಂಬ ದಿನಚರಿ, ಎಲ್ಲವನ್ನೂ ಮೂರು ಪ್ರತಿ ಮಾಡಿ. ಒಂದು ಒಡೆತನದ ಕಚೇರಿಗೆ, ಒಂದು ಸೈನಿಕ ಕಲ್ಯಾಣ ಕಚೇರಿಗೆ, ಒಂದು ಮಾಜಿ ಸೈನಿಕರ ಸಂಘಕ್ಕೆ. ಮುಂದಿನ ಡಿಸೆಂಬರಿನಲ್ಲಿ ಬ್ರಷ್ಷು ಹಿಡಿಯುವವರು ಮೊದಲು ಆ ದಿನಚರಿಯ ಕೊನೆಯ ಪುಟ ತೆರೆಯಲಿ.